ಕೆಂಪಗೆ ಕಂಡದ್ದೆಲ್ಲ ಎಳೆಯ ನಕ್ಷತ್ರವೇ?

ಪ್ರಶ್ನೆ: ನಮಸ್ಕಾರ ಸರ್. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಕ್ಷತ್ರಗಳು ದೂಳಿನ ಮೋಡದೊಳಗೆ ಹುಟ್ಟುತ್ತವೆ, ಅವನ್ನು ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಹುಡುಕುತ್ತಾರೆ ಎಂದು ಪಾಠ ಮಾಡಿದೆ. ಒಬ್ಬ ಹುಡುಗಿ ಎದ್ದು, "ಮೋಡದ ಹಿಂದಿರೋ ಹಳೇ ನಕ್ಷತ್ರವೂ ಕೆಂಪಗೇ ಕಾಣುತ್ತೆ ಅಲ್ವಾ ಮಿಸ್? ಮಗು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎಂದಳು. ನಾಳೆ ಹೇಳ್ತೀನಿ ಅಂದು ಬಂದಿದ್ದೇನೆ.

ಉತ್ತರ: ಮೇಡಂ, ಎಳೆಯ ನಕ್ಷತ್ರ ಹುಡುಕುವ ನಮ್ಮ ಕೆಲಸದಲ್ಲಿ ಜಾಸ್ತಿ ತಲೆಕೆಡಿಸುವ ಪ್ರಶ್ನೆಯನ್ನೇ ಆ ಹುಡುಗಿ ಕೇಳಿದ್ದಾಳೆ. ಅವಳಿಗೆ ನನ್ನ ಶಹಭಾಸ್ ಹೇಳಿ.

ಹಿಂದಿರುವ ನಕ್ಷತ್ರ ಕೆಂಪಗೆ ಕಾಣುವುದು ನಿಜ. ದೂಳು ಅದರ ನೀಲಿ ಬೆಳಕನ್ನು ಜಾಸ್ತಿ ತಡೆಯುತ್ತದೆ, ಕೆಂಪನ್ನು ಕಡಿಮೆ. ಅಂದರೆ ಅದು ಬೆಳಕು ಕಳೆದುಕೊಂಡು ಕೆಂಪಾದದ್ದು. ಎಳೆಯ ನಕ್ಷತ್ರದ ಸುತ್ತ ದೂಳಿನ ತಟ್ಟೆಯೇ ಇರುತ್ತದೆ. ನಕ್ಷತ್ರದ ಶಾಖಕ್ಕೆ ಆ ದೂಳು ಕಾದು, ತಾನೇ ಅವಕೆಂಪು ಬೆಳಕು ಸೂಸುತ್ತದೆ. 24 ಮೈಕ್ರಾನ್ ಅಲೆಯುದ್ದದ ಅವಕೆಂಪು ಬೆಳಕಿನಲ್ಲಿ ನೋಡಿ: ಮಾಮೂಲಿ ನಕ್ಷತ್ರ ಮಂಕಾಗಿರುತ್ತದೆ, ತಟ್ಟೆ ಇರುವುದು ಹೊಳೆಯುತ್ತದೆ. ಈ ಹೆಚ್ಚಿನ ಬೆಳಕೇ ನಮಗೆ ಗುರುತು.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ದೂರದ ಗ್ಯಾಲಕ್ಸಿಗಳಲ್ಲೂ ಬಿಸಿ ದೂಳಿದೆ. ಅವೂ ಚುಕ್ಕಿಯಾಗಿ, ಅದೇ ಬಣ್ಣದಲ್ಲಿ ಕಾಣುತ್ತವೆ. 2003ರಲ್ಲಿ ಹಾರಿದ ಸ್ಪಿಟ್ಜರ್ ಎಂಬ ಅವಕೆಂಪು ಬಾಹ್ಯಾಕಾಶ ದೂರದರ್ಶಕದಿಂದ ಐದು ದೊಡ್ಡ ಮೋಡಗಳ ಸರ್ವೆ ಮಾಡಿದವರು ಇದಕ್ಕೊಂದು ಉಪಾಯ ಹೂಡಿದರು. ಮೋಡವೇ ಇಲ್ಲದ ಕಡೆಯ ಆಕಾಶದ ಮಾಹಿತಿಯನ್ನು ಪಕ್ಕದಲ್ಲಿಟ್ಟುಕೊಂಡರು. ಅಲ್ಲಿ ಎಳೆಯ ನಕ್ಷತ್ರ ಇರುವುದಿಲ್ಲವಲ್ಲ! ಅಲ್ಲಿನ ಗ್ಯಾಲಕ್ಸಿಗಳ ಬಣ್ಣ, ಹೊಳಪು ಎಷ್ಟಿರುತ್ತದೆ ಎಂದು ನೋಡಿ, ಮೋಡದ ಪಟ್ಟಿಯಲ್ಲಿ ಅಂಥವನ್ನೆಲ್ಲ ಜರಡಿ ಹಿಡಿದು ತೆಗೆದುಹಾಕಿದರು. ಕೊನೆಗೆ ಎಳೆಯ ನಕ್ಷತ್ರಗಳೆಂದು ಉಳಿದದ್ದು 1,024. 2009ರಲ್ಲಿ ಅದನ್ನು ಪ್ರಕಟಿಸಿದರು. ಆ ಐದರಲ್ಲೊಂದು ನಮ್ಮ ಜ್ಯೇಷ್ಠಾ ನಕ್ಷತ್ರದ ಪಕ್ಕದಲ್ಲೇ ಇರುವ ಒಫಿಯೂಕಸ್ ಮೋಡ.

ತಾವೇ ಉಗುಳಿದ ದೂಳಿನಲ್ಲಿ ಮುಚ್ಚಿಹೋದ ಮುದಿ ನಕ್ಷತ್ರಗಳೂ ಪಟ್ಟಿಯೊಳಗೆ ನುಸುಳುತ್ತವೆ. ಅವನ್ನು ಹಿಡಿಯಲು ಒಂದೊಂದರದೂ ಸ್ಪೆಕ್ಟ್ರಮ್, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆಯಬೇಕು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕದಲ್ಲೂ ಎಳೆಯ ನಕ್ಷತ್ರಗಳ ಸ್ಪೆಕ್ಟ್ರಮ್ ತೆಗೆಯುತ್ತಾರೆ. ಅದನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಿಂದ. ಇದನ್ನು ಮಕ್ಕಳಿಗೆ ಖಂಡಿತ ಹೇಳಿ.

ಇನ್ನೊಬ್ಬರ ಪ್ರಶ್ನೆ: ಸರ್, ಇವುಗಳ ವಯಸ್ಸು ಹೇಗೆ ತಿಳಿಯುತ್ತದೆ? ಯಾರೂ ಲಕ್ಷ ವರ್ಷ ಕಾದು ನೋಡಿಲ್ಲವಲ್ಲ?

ಉತ್ತರ: ಎಣಿಸುವುದರಿಂದ! ಒಂದು ಊರಲ್ಲಿ ಪ್ರತಿವರ್ಷ ಹೆಚ್ಚುಕಡಿಮೆ ಅಷ್ಟೇ ಮಕ್ಕಳು ಹುಟ್ಟುತ್ತಾರೆ ಅನ್ನಿ. ಒಂದರಿಂದ ಏಳನೇ ಕ್ಲಾಸಿನವರೆಗೆ 70 ಮಕ್ಕಳು, ಅಂಗನವಾಡಿಯಲ್ಲಿ 30. ಶಾಲೆಯದು ಏಳು ವರ್ಷ ಎಂದು ಗೊತ್ತಿದ್ದರೆ ಸಾಕು, ಅಂಗನವಾಡಿಯದು ಮೂರು ವರ್ಷ ಎಂದು ಯಾರನ್ನೂ ಕೇಳದೆ ಹೇಳಬಹುದು. ಹಾಗೆಯೇ ಇಲ್ಲಿ. ತಟ್ಟೆಯ ಹಂತ ಸುಮಾರು 20 ಲಕ್ಷ ವರ್ಷ ಎಂದು ಆ ಸರ್ವೆಯವರು ಹಿಡಿದು, ಯಾವ ಹಂತದಲ್ಲಿ ಎಷ್ಟು ನಕ್ಷತ್ರ ಎಂದು ಎಣಿಸಿದರು. ಅದಕ್ಕೂ ಮೊದಲಿನ, ಇನ್ನೂ ದೂಳಿನ ಹೊದಿಕೆಯೊಳಗೇ ಇರುವ ಹಂತ ಸುಮಾರು 5 ಲಕ್ಷ ವರ್ಷ ಎಂದು ಲೆಕ್ಕ ಬಂತು.

ಒಂದು ಮಾತು ಮಾತ್ರ ನೆನಪಿರಲಿ. ತಟ್ಟೆ ಬೇಗ ಕರಗಿಹೋದ ಎಳೆಯ ನಕ್ಷತ್ರಗಳಿಗೆ ಆ ಹೆಚ್ಚಿನ ಬೆಳಕು ಇರುವುದಿಲ್ಲ. ಅವಕೆಂಪು ಸರ್ವೆಗೆ ಅವು ಸುಮ್ನೆ ಮಾಮೂಲಿ ನಕ್ಷತ್ರಗಳು. ಅವನ್ನು ಹುಡುಕಲು ಎಕ್ಸ್-ರೇ ದೂರದರ್ಶಕ ಬೇಕು. ಎಳೆಯ ನಕ್ಷತ್ರಗಳು ಎಕ್ಸ್-ರೇಯಲ್ಲಿ ಜೋರಾಗಿ ಹೊಳೆಯುತ್ತವೆ.