ಮಗ ಬೇಸ್‌ಬಾಲ್ ಕ್ಯಾಚರ್, 13 ವರ್ಷ. ಎಲೀಟ್ ಟೀಮಿಗೆ ಸೇರಿಸಬೇಕಾ? ಅನುಭವ ಇದ್ದವರು ಹೇಳಿ

ಫ್ರಿಸ್ಕೋ ಅಪ್ಪ:
ಎಲ್ಲರಿಗೂ ನಮಸ್ಕಾರ. ನಾವಿರೋದು ಡಲ್ಲಾಸ್ ಪಕ್ಕ ಫ್ರಿಸ್ಕೋದಲ್ಲಿ. ಮಗನಿಗೆ 13, ಏಳನೇ ಕ್ಲಾಸು, ಎರಡು ವರ್ಷದಿಂದ ಕ್ಯಾಚರ್, ಅಂದ್ರೆ ನಮ್ಮ ಕೀಪರ್ ಥರ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯೋನು. ದುಡ್ಡು ತಗೊಂಡು ಊರೂರಿನ ಟೂರ್ನಮೆಂಟಿಗೆ ಕರ್ಕೊಂಡು ಹೋಗೋ ಒಂದು ಎಲೀಟ್ ಟೀಮಿನವರು ಟೆಸ್ಟ್ ಮಾಡಿ ರಿಪೋರ್ಟ್ ಕೊಟ್ಟಿದ್ದಾರೆ: ಪಾಪ್ ಟೈಮ್ (ಚೆಂಡು ಗ್ಲೌಸಿಗೆ ಬಿದ್ದಾಗಿಂದ ಎಸೆದು ಸೆಕೆಂಡ್ ಬೇಸ್ ತಲುಪೋ ತನಕ) 2.28 ಸೆಕೆಂಡು, ಬ್ಲಾಕಿಂಗ್ (ನೆಲಕ್ಕೆ ಬಿದ್ದ ಚೆಂಡು ತಡೆಯೋದು) ‘ಸರಾಸರಿಗಿಂತ ಮೇಲೆ’, ರಿಸೀವಿಂಗ್ (ಬಂದ ಚೆಂಡು ಹಿಡಿಯೋದು) ‘ಸುಧಾರಿಸುತ್ತಿದೆ’. ವರ್ಷಕ್ಕೆ 4,200 ಡಾಲರ್, ಹೋಟೆಲ್ ಖರ್ಚು ಬೇರೆ. ನಾನು ದಾವಣಗೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು, ಇದೆಲ್ಲ ತಲೆಗೆ ಹತ್ತಲ್ಲ. ಹುಡುಗನಲ್ಲಿ ನಿಜವಾಗ್ಲೂ ಸರಕಿದೆಯಾ ಅಂತ ತಿಳ್ಕೊಳ್ಳೋದು ಹೆಂಗೆ? ಶುಕ್ರವಾರದೊಳಗೆ ಡೆಪಾಸಿಟ್ ಕಟ್ಬೇಕು.

ಎಡಿಸನ್ ಅಮ್ಮ:
ಆ ಶುಕ್ರವಾರದ ಕಥೆ ಎಲ್ಲರಿಗೂ ಹೇಳ್ತಾರೆ. ನಮಗೂ ಹೇಳಿದ್ರು, ಕಟ್ಟಿದ್ವಿ, ಆಮೇಲೆ ಆಗಸ್ಟ್ ತನಕ ಹೊಸ ಹುಡುಗರನ್ನ ತಗೊಳ್ತಾನೇ ಇದ್ರು. ಒಂದೇ ಟೀಮಲ್ಲಿ ಮೂರು ಜನ ಕ್ಯಾಚರ್!

ಲೆಕ್ಕ ಕೇಳಿ. ಟೀಮ್ ಫೀ 3,600. ಯೂನಿಫಾರ್ಮು, ಬ್ಯಾಗು 475, ಅವರ ಹತ್ರಾನೇ ತಗೋಬೇಕು. ಲೆಸನ್ ಗಂಟೆಗೆ 95. ಮಿಟ್, ಅಂದ್ರೆ ಕ್ಯಾಚರ್ ಗ್ಲೌಸು, 320, ಅದು ಪಳಗೋ ಹೊತ್ತಿಗೆ ಕೈ ಬೆಳೆದು 33.5 ಇಂಚಿಂದು ಬೇಕಾಯ್ತು, ಮತ್ತೆ 340. ಬ್ಯಾಟಿಗೆ 400, ಹೈಸ್ಕೂಲಿಗೆ ಹೋದ್ರೆ ಅದು ನಡೆಯಲ್ಲ, ಬಿಬಿಕಾರ್ ಗುರುತಿನ (ಚೆಂಡು ಚಿಮ್ಮೋದನ್ನ ಕಮ್ಮಿ ಮಾಡಿದ) ಬ್ಯಾಟೇ ಬೇಕು. ಟೂರ್ನಮೆಂಟ್‌ನವರು ಹೇಳಿದ ಹೋಟೆಲಲ್ಲೇ ಇಳ್ಕೋಬೇಕು, ರಾತ್ರಿಗೆ 219. ರಸ್ತೆ ಆಚೆ ಅದಕ್ಕಿಂತ ಒಳ್ಳೆ ರೂಮು 120ಕ್ಕಿತ್ತು. ನನ್ನ ಮಗ ಆಡೋದನ್ನ ನಾನು ನೋಡಕ್ಕೆ ಗೇಟಲ್ಲಿ 15 ಡಾಲರ್.

ಪಾಪ್ ಟೈಮ್ ವಿಷಯಕ್ಕೆ ಬರ್ತೀನಿ. ಒಂದು ಶೋಕೇಸಲ್ಲಿ, ಅಂದ್ರೆ ಹುಡುಗರ ಆಟ ಅಳೆದು ಕಾಲೇಜಿನವರಿಗೆ ತೋರಿಸೋ ಕ್ಯಾಂಪಲ್ಲಿ, 699 ಕೊಟ್ವಿ, ವಿಡಿಯೋಗೆ ಮೇಲೆ 149. ನಮ್ಮವನಿಗೆ 2.05 ಅಂತ ಬರ್ಕೊಟ್ರು. ಅದೇ ವಾರ ಹೈಸ್ಕೂಲ್ ಕೋಚ್ ಅಳೆದ್ರೆ 2.21! ದೊಡ್ಡ ಲೀಗಿನ, ಅಂದ್ರೆ ಮೇಜರ್ ಲೀಗ್ ಪ್ರೊಫೆಷನಲ್‌ಗಳ, ಸರಾಸರೀನೇ 2.0 ಆಸುಪಾಸು. ಹದಿನೈದರ ಹುಡುಗ ಅವರ ಪಕ್ಕದಲ್ಲಿ ನಿಲ್ತಾನಾ? ಸ್ಟಾಪ್‌ವಾಚ್ ಒತ್ತೋ ಬೆರಳು ಯಾರದ್ದೋ, ಸಂಬಳ ಯಾರು ಕೊಡ್ತಾರೋ, ಅದರ ಮೇಲೆ ನಂಬರು.

ನಿಮ್ಮ 2.28 ಯಾವ ಗ್ರೌಂಡಿಂದು? 13ರ ಹುಡುಗರು ಆಡೋದು ಬೇಸಿಂದ ಬೇಸಿಗೆ 80 ಅಡಿ ಇರೋ ಗ್ರೌಂಡಲ್ಲಿ, ಕ್ಯಾಚರ್ ಕೂರೋ ಹೋಮ್‌ನಿಂದ ಸೆಕೆಂಡ್ ಬೇಸಿಗೆ ಸುಮಾರು 113 ಅಡಿ. ಮುಂದಿನ ವರ್ಷ 90 ಅಡಿಗೆ ಹೋದಾಗ ಅದು 127 ಅಡಿ ಮೂರು ಚಿಲ್ಲರೆ ಇಂಚು. ಹದಿನಾಲ್ಕು ಅಡಿ ಜಾಸ್ತಿ! ಅಲ್ಲಿ ನೋಡಿ ನಿಜವಾದ ಬಣ್ಣ.

ಹುಬ್ಬಳ್ಳಿ ಟು ಹೂಸ್ಟನ್:
ಪಾಪ್ ಟೈಮ್, ಪಾಪ್ ಟೈಮ್ ಅಂತ ಯಾಕ ಬಡ್ಕೋತೀರಿ. ನಮ್ಮ ಹುಡುಗಂದು ಹದಿಮೂರಕ್ಕ ಯಾರೂ ಅಳತಿ ಮಾಡಿದ್ದಿಲ್ಲ. ಇವತ್ತ ವಾರ್ಸಿಟಿ, ಅಂದ್ರ ಹೈಸ್ಕೂಲಿನ ಮುಖ್ಯ ಟೀಮಿನ ಒಳಗ ಅವನ ಸ್ಟಾರ್ಟರ್, ಅದೂ ಟೆಕ್ಸಸ್‌ನಾಗ, ಎಲ್ಲಾ ಹುಡುಗರೂ ಬೇಸ್‌ಬಾಲ್ ಆಡೂ ಊರಾಗ. ಒಂದ ಎಲೀಟ್ ಟೀಮಿಗೂ ರೊಕ್ಕಾ ಕೊಟ್ಟಿಲ್ಲ. ಸಣ್ಣ ಲೋಕಲ್ ಟೀಮು, ಎಲ್ಲಾ ಮ್ಯಾಚಿಗೂ ಇವನ ಕ್ಯಾಚರ್.

ನೋಡೂದು ಏನಂದ್ರ, ಕೈ. ಚೆಂಡು ಮೊಣಕಾಲ ಕೆಳಗ ಬಂದಾಗ ಮಿಟ್ ಮ್ಯಾಲಿಂದ ಕೆಳಗ ಬಡೀತದೋ, ಕೆಳಗಿಂದ ಮ್ಯಾಲ ಬರ್ತದೋ? ಮ್ಯಾಲಿಂದ ಬಂದ್ರ ಸ್ಟ್ರೈಕೂ (ಸರಿ ಎಸೆತ) ಬಾಲ್ (ತಪ್ಪ ಎಸೆತ) ಆಗ್ತದ, ಅಂಪೈರ್ ಕಣ್ಣಿಗೆ ಚೆಂಡು ಮುಳುಗಿದಂಗ ಕಾಣಸ್ತದ. ಇನ್ನ ನೆಲಕ್ಕ ಬಿದ್ದ ಚೆಂಡು. ಅದನ್ನ ಹಿಡಿಯಾಕ ಹೋಗೂ ಹುಡುಗ ಕ್ಯಾಚರ್ ಅಲ್ಲ. ಎರಡೂ ಮೊಣಕಾಲ ಊರಿ, ಗದ್ದ ಎದಿಗೆ ಹಚ್ಚಿ, ಭುಜ ಮುಂದ ಬಾಗಿಸಿ, ಎದಿಗೆ ಬಡಿಸ್ಕೊಂಡು ಚೆಂಡನ್ನ ಮುಂದ ಸತ್ತ ಬೀಳಸಬೇಕು. ಕಣ್ಣ ಮುಚ್ಚತಾನೋ ಇಲ್ಲೋ ನೋಡ್ರಿ. ಕಣ್ಣ ಮುಚ್ಚೂ ಹುಡುಗ ಗದ್ದಾನೂ ಎತ್ತತಾನ, ಚೆಂಡು ನೇರ ಗಂಟಲಿಗೆ.

ಮತ್ತ ಚೆಂಡು ಎಸಿಯೂ ಪಿಚರ್‌ಗಳನ್ನ ಕೇಳ್ರಿ. ಅವರು ವಾರ್ಮಪ್ ಮಾಡೂ ಬುಲ್‌ಪೆನ್‌ನಾಗ ‘ನನಗ ಇವನ ಬೇಕು’ ಅಂತ ಅವರ ಅಂದ್ರ ಅದಕ್ಕಿಂತ ದೊಡ್ಡ ರಿಪೋರ್ಟ್ ಇಲ್ಲ. ಪುಕ್ಕಟಿ.

ಫ್ರೀಮಾಂಟ್‌ನವ:
"ಎಲ್ಲಾ ಮ್ಯಾಚಿಗೂ ಇವನ ಕ್ಯಾಚರ್" ಅಂತ ಹೆಮ್ಮೆಯಿಂದ ಬರೆದಿದ್ದೀರಲ್ಲ ಸಾರ್, ಅದನ್ನ ಓದಿ ನನ್ನ ಹೊಟ್ಟೆ ಉರೀತು.

ನನ್ನ ಮಗ ಶನಿವಾರ ಬೆಳಗ್ಗೆ ಪಿಚರ್, ಮಧ್ಯಾಹ್ನ ಕ್ಯಾಚರ್. ಮಕ್ಕಳ ಲಿಟಲ್ ಲೀಗಲ್ಲಿ ಇದಕ್ಕೆ ನಿಯಮ ಇದೆ: 41 ಪಿಚ್ (ಎಸೆತ) ಎಸೆದವನು ಆ ದಿನ ಕ್ಯಾಚರ್ ಆಗೋ ಹಾಗಿಲ್ಲ, ನಾಲ್ಕು ಇನ್ನಿಂಗ್ಸ್ ಕ್ಯಾಚರ್ ಆದವನು ಆ ದಿನ ಪಿಚ್ ಮಾಡೋ ಹಾಗಿಲ್ಲ. ನಾವು ಹೋಗ್ತಿದ್ದ ಟ್ರಾವೆಲ್ ಟೂರ್ನಮೆಂಟುಗಳಲ್ಲಿ ಎಲ್ಲ ಕೋಚಿನ ಮರ್ಜಿ. ಪ್ರತಿ ಪಿಚ್ ಆದ ಮೇಲೂ ಕ್ಯಾಚರ್ ಚೆಂಡು ವಾಪಸ್ ಎಸೀತಾನೆ, ಅದನ್ನ ಯಾವನೂ ಎಣಿಸಲ್ಲ. ಮೊಣಕೈ ಒಳಗಿನ ಗ್ರೋತ್ ಪ್ಲೇಟ್ (ಮೂಳೆ ಬೆಳೆಯೋ ಜಾಗ) ಬಿರುಕು ಬಿಡ್ತು. ಎಮ್ಆರ್‌ಐಗೆ ಇನ್ಶೂರೆನ್ಸ್ ಕೊಡದೆ ನಮ್ಮ ಕೈಯಿಂದ ಹೋಗಿದ್ದು 1,870. ಫಿಸಿಯೋಗೆ ಸಲ ಸಲಕ್ಕೂ 60 ನಮ್ಮ ಪಾಲು. ಟೀಮಿಗೆ ಕಟ್ಟಿದ್ದ 3,900ರಲ್ಲಿ ಉಳಿದಿದ್ದು ವಾಪಸ್ ಕೊಡಿ ಅಂದ್ರೆ ‘ಕಾಂಟ್ರ್ಯಾಕ್ಟ್ ಓದ್ಕೊಳ್ಳಿ’ ಅಂದ್ರು. ಹುಡುಗ ಈಗ ಟ್ರ್ಯಾಕಲ್ಲಿ ಓಡ್ತಾನೆ. ಮಿಟ್ ಗರಾಜಲ್ಲಿದೆ.

ಆದ್ರಿಂದ ಮೊದಲು ನೋಡಬೇಕಾದ್ದು ಹುಡುಗನ ಕೈಯಲ್ಲ, ಕೋಚಿನ ನೋಟ್‌ಬುಕ್ಕು. ಎಸೆತ ಬರ್ಕೊಳ್ತಾನಾ?

ಹುಬ್ಬಳ್ಳಿ ಟು ಹೂಸ್ಟನ್:
ನಾ ನನ್ನ ಮಗನ್ನ ಒಂದ ದಿನಾನೂ ಪಿಚ್ ಮಾಡಸಿಲ್ಲ. ಓದದ ಉರ್ಕೋಬ್ಯಾಡ್ರಿ.

ಬಸವನಗುಡಿ ಅಂಕಲ್:
ಏನಪ್ಪಾ ಇದು, ವಿಕೆಟ್ ಕೀಪಿಂಗ್‌ಗೆ ಇಷ್ಟೊಂದು ದುಡ್ಡು? ನಾವು ಕಿರ್ಮಾನಿಯವರನ್ನ ನೋಡ್ತಾ ಬೆಳೆದವರು. 88 ಟೆಸ್ಟು, 198 ಬಲಿ, ಚಂದ್ರ, ಪ್ರಸನ್ನ ಬೋಲಿಂಗ್‌ಗೆ ನಿಂತ ಕೈಗಳು ಅವು. ಸ್ಟಾಪ್‌ವಾಚ್ ಯಾವಾನು ಹಿಡಿದಿದ್ದ? ದ್ರಾವಿಡ್ 2003ರ ವರ್ಲ್ಡ್ ಕಪ್ಪಲ್ಲಿ ಕೀಪಿಂಗ್ ಮಾಡಿದ್ದು ಟೀಮಿಗೆ ಬೇಕು ಅಂತ. ಹುಡುಗನ್ನ ರಜಕ್ಕೆ ಬೆಂಗಳೂರಿಗೆ ಕಳಿಸಿ. ನನ್ನ ಮೊಮ್ಮಗ ಕ್ಲಬ್ಬಿಗೆ ಹೋಗ್ತಾನೆ, ತಿಂಗಳಿಗೆ 4,000 ರೂಪಾಯಿ, ಅದರಲ್ಲೇ ಎಲ್ಲಾ.

ಕ್ಯಾರಿ ಸಾಫ್ಟ್‌ಬಾಲ್ ಅಮ್ಮ:
ಅಂಕಲ್, ಅದು ಬೇರೆ ಕೆಲಸ. ಕೀಪರ್ ಚೆಂಡು ಹಿಡಿದು ಅಲ್ಲೇ ಬೇಲ್ಸ್ ಹಾರಿಸ್ತಾನೆ. ಕ್ಯಾಚರ್ ಕೂತಲ್ಲಿಂದ ಎದ್ದು, ಚೆಂಡು ಮಿಟ್‌ನಿಂದ ಕೈಗೆ ಬದಲಾಯಿಸಿ, ಬೇಸ್ ಕದಿಯೋಕೆ ಓಡ್ತಿರೋನಿಗಿಂತ ಮುಂಚೆ ಸೆಕೆಂಡ್ ಬೇಸಿಗೆ ತಲುಪಿಸಬೇಕು. ದೊಡ್ಡ ಲೀಗಲ್ಲಿ ಆ ಬದಲಾಯಿಸೋ ಕೆಲಸಕ್ಕೇ ಸುಮಾರು ಮುಕ್ಕಾಲು ಸೆಕೆಂಡು. ಹುಡುಗರು ಕಳ್ಕೊಳ್ಳೋದೂ ಅಲ್ಲೇ, ಭುಜದ ಬಲದಲ್ಲಲ್ಲ. ಎಲ್ಲಾರೂ ಗಂಡು ಮಕ್ಕಳ ಬಗ್ಗೆನೇ ಬರೀತಿದ್ದೀರಿ, ನನ್ನ ಮಗಳೂ ಕ್ಯಾಚರ್. ಅವಳ ಗೇರ್ ಸೆಟ್ 360, ಮಂಡಿಗೆ ಆಸ್‌ಗುಡ್ ಶ್ಲಾಟರ್ (ಬೆಳೆಯೋ ಮಕ್ಕಳ ಮಂಡಿ ನೋವು) ಬಂದು ಒಂದು ಸೀಸನ್ ಪೂರ್ತಿ ಐಸ್ ಪ್ಯಾಕು.

ಇನ್ನು ಹುಬ್ಬಳ್ಳಿಯವರ ಮಿಟ್ ಪಾಠ. 2026ರಿಂದ ಮೇಜರ್ ಲೀಗಲ್ಲಿ ಎಬಿಎಸ್, ಅಂದ್ರೆ ಮೆಷಿನ್ ತೀರ್ಪು, ಬಂದಿದೆ. ಪಿಚರ್, ಕ್ಯಾಚರ್, ಬ್ಯಾಟರ್, ಯಾರಾದ್ರೂ ತಲೆ ಮುಟ್ಟಿ ತೋರಿಸಿದ್ರೆ ಮೆಷಿನ್ನೇ ಸ್ಟ್ರೈಕಾ ಬಾಲಾ ಹೇಳುತ್ತೆ. ಇನ್ನು ಫ್ರೇಮಿಂಗ್ (ಅಂಪೈರ್‌ಗೆ ಸ್ಟ್ರೈಕ್ ಅನ್ನಿಸೋ ಹಾಗೆ ಮಿಟ್ ಆಡಿಸೋದು) ಕಲಿಸೋಕೆ 95 ಡಾಲರ್ ಯಾಕೆ ಸುರೀಬೇಕು?

ಹುಬ್ಬಳ್ಳಿ ಟು ಹೂಸ್ಟನ್:
ಎರಡ ಚಾಲೆಂಜ್ ಇರ್ತಾವ ಅಕ್ಕಾರ, ಒಂದ ಟೀಮಿಗೆ. ಗೆದ್ರ ಉಳೀತದ, ಸೋತ್ರ ಹೋತು. ಮಿಕ್ಕ ಎಲ್ಲಾ ಪಿಚ್ ಅಂಪೈರಂದ. ಮತ್ತ ಯಾವಾಗ ಚಾಲೆಂಜ್ ಮಾಡಬೇಕು ಅಂತ ಚಂದಾಗಿ ಗೊತ್ತಾಗೂದ ಕ್ಯಾಚರ್‌ಗೆ. ಹೈಸ್ಕೂಲ್‌ನಾಗ ಮೆಷಿನ್ ಎಲ್ಲೈತಿ?

ಕ್ಯಾರಿ ಸಾಫ್ಟ್‌ಬಾಲ್ ಅಮ್ಮ:
ನಾನು ನಿಮ್ಮ ಅಕ್ಕ ಅಲ್ಲ.

ಫ್ರಿಸ್ಕೋ ಅಪ್ಪ:
ತುಂಬಾ ಥ್ಯಾಂಕ್ಸ್. ಎಡಿಸನ್ ಮೇಡಂ ಕೇಳಿದ್ದಕ್ಕೆ: ಟೆಸ್ಟ್ ನಡೆದಿದ್ದು ಇಂಡೋರಲ್ಲಿ, ನೆಟ್ಟಿಗೆ ಎಸೆದಿದ್ದು. ಅಂದಹಾಗೆ ಅವನು ಎಡಗೈಯಲ್ಲಿ ಎಸೆಯೋದು. ಬಲಗೈಗೆ ಹಾಕೋ ಮಿಟ್ ಹುಡುಕೋದೇ ಕಷ್ಟ ಆಗಿತ್ತು. ಅದೇನಾದ್ರೂ ವ್ಯತ್ಯಾಸ ಆಗುತ್ತಾ?

ಎಡಿಸನ್ ಅಮ್ಮ:
ಅಯ್ಯೋ ದೇವ್ರೇ! ನೆಟ್ಟಿಗೆ ಎಸೆದ್ರೆ ಸೆಕೆಂಡ್ ಬೇಸ್ ಎಲ್ಲಿ ಬಂತು? ಲೆಕ್ಕ ಹಾಕಿ ನಂಬರ್ ಹುಟ್ಟಿಸಿದ್ದಾರೆ. ಮತ್ತೆ ಎಡಗೈ ಅಂತ ಗೊತ್ತಿದ್ದೂ 4,200 ಕೇಳ್ತಿದ್ದಾರಾ?

ಫ್ರೀಮಾಂಟ್‌ನವ:
ಎಡಗೈ ಕ್ಯಾಚರ್ ಮೇಜರ್ ಲೀಗಲ್ಲಿ ಕೊನೇ ಸಲ ಕಂಡಿದ್ದು 1989ರಲ್ಲಿ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಬೆನ್ನಿ ಡಿಸ್ಟೆಫಾನೊ, ಅದೂ ಮೂರೇ ಮ್ಯಾಚು. ಮಿಟ್ ಬಲಗೈಲಿ ಇರುತ್ತೆ, ರನ್ನರ್ ಬರೋದು ಥರ್ಡ್ ಬೇಸಿಂದ, ಅದು ಕ್ಯಾಚರ್ ಎಡಕ್ಕೆ. ಟ್ಯಾಗ್ ಮಾಡಕ್ಕೆ (ಚೆಂಡಿರೋ ಮಿಟ್ ಮುಟ್ಟಿಸಿ ಔಟ್ ಮಾಡಕ್ಕೆ) ಮಿಟ್ಟನ್ನ ಮೈ ಅಡ್ಡ ದಾಟಿಸಬೇಕು. ಥರ್ಡ್‌ಗೆ ಎಸೆಯಕ್ಕೆ ಕಾಲು ತಿರುಗಿಸಿ ನಿಲ್ಲಬೇಕು. ಅಷ್ಟರಲ್ಲಿ ಬೇಸ್ ಕದಿಯೋನು ಒಳಗೆ.

ಹುಬ್ಬಳ್ಳಿ ಟು ಹೂಸ್ಟನ್:
ಅದೆಲ್ಲಾ ನೆಪ. ಎಡಗೈಯಾಗ ಜೋರ ಎಸಿಯೂ ಹುಡುಗ ಸಿಕ್ರ ಕೋಚ್ ಅವನ್ನ ಪಿಚರ್ ಮಾಡತಾನ, ಅದಕ್ಕ ಕ್ಯಾಚರ್ ಇಲ್ಲ. ಮೇಜರ್ ಲೀಗ್ ಆಡಿದ ಬಸ್ಟರ್ ಪೋಸಿ ಕಾಲೇಜಿಗೆ ಬಂದಾಗ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವಿನ ಫೀಲ್ಡರ್) ಇದ್ದ, ಆಮ್ಯಾಲ ಕ್ಯಾಚರ್ ಆದ. ಬ್ರೈಸ್ ಹಾರ್ಪರ್ ಕಾಲೇಜಿನಾಗ ಕ್ಯಾಚರ್, 2010ರ ಡ್ರಾಫ್ಟ್‌ನಾಗ (ಮೇಜರ್ ಲೀಗ್ ಟೀಮು ಹುಡುಗರನ್ನ ಆರಿಸ್ಕೊಳ್ಳೂದು) ಔಟ್‌ಫೀಲ್ಡರ್ ಅಂತ ತಗೊಂಡ್ರು. ಹದಿಮೂರಕ್ಕ ಯಾವದೂ ಪಕ್ಕಾ ಅಲ್ಲ. ಇವನ್ನ ಪಿಚ್ ಮಾಡಸ್ರಿ.

ಫ್ರೀಮಾಂಟ್‌ನವ:
ಈಗ ತಾನೇ "ನನ್ನ ಮಗನ್ನ ಒಂದು ದಿನಾನೂ ಪಿಚ್ ಮಾಡ್ಸಿಲ್ಲ" ಅಂತ ಬೀಗಿದ್ದವರು ಇವರೇ ತಾನೇ? ಬೇರೆಯವರ ಮಕ್ಕಳ ಮೊಣಕೈ ಆದ್ರೆ ಪರವಾಗಿಲ್ಲ!

ಬಸವನಗುಡಿ ಅಂಕಲ್:
ಕ್ರಿಕೆಟಲ್ಲಿ ಎಡಗೈ ಬಲಗೈ ತಾರತಮ್ಯ ಇಲ್ಲ. ಕೀಪರ್‌ಗೆ ಎರಡೂ ಕೈಗೆ ಗ್ಲೌಸು.

ಎಡಿಸನ್ ಅಮ್ಮ:
ಫ್ರಿಸ್ಕೋದವರೇ, ಕಾಲೇಜ್ ಆಸೆ ಇದ್ರೆ ಇನ್ನೊಂದು. ಹನ್ನೊಂದನೇ ಕ್ಲಾಸಿಗೆ ಮುಂಚಿನ ಆಗಸ್ಟ್ 1ರ ತನಕ ಡಿವಿಷನ್ ಒನ್ (ಕಾಲೇಜ್ ಆಟದ ಮೇಲಿನ ಹಂತ) ಕೋಚ್‌ಗಳು ರಿಕ್ರೂಟಿಂಗ್ ಮಾತೇ ಆಡೋ ಹಾಗಿಲ್ಲ. ‘ನಮ್ಮ ಟೀಮಲ್ಲಿದ್ರೆ ಕಾಲೇಜಿನವರು ಈಗ್ಲೇ ನೋಡ್ತಾರೆ’ ಅಂದ್ರೆ ಕೇಳಿ, ನೋಡಿ ಏನ್ ಮಾಡ್ತಾರೆ? ಕಾಲೇಜ್ ಆಟಗಾರರ ಸಂಭಾವನೆ ಕೇಸಿನ 2025ರ ಕೋರ್ಟ್ ಸೆಟಲ್‌ಮೆಂಟ್ ಒಪ್ಕೊಂಡ ಕಾಲೇಜುಗಳಲ್ಲಿ ಟೀಮಿಗೆ 34 ಜನ ಅಷ್ಟೇ. ಅದು ಗೊತ್ತಾದ ದಿನ ನಮ್ಮ ಮನೇಲಿ ಯಾರೂ ಮಾತಾಡ್ಲಿಲ್ಲ.

ಕ್ಯಾರಿ ಸಾಫ್ಟ್‌ಬಾಲ್ ಅಮ್ಮ:
ಫ್ರೀಮಾಂಟ್‌ನವರೇ, ಗರಾಜಲ್ಲಿರೋ ಮಿಟ್ ಕೊಡ್ತೀರಾ? ಎಷ್ಟು ಇಂಚು?

ಫ್ರೀಮಾಂಟ್‌ನವ:
32.5. 200ಕ್ಕೆ ಕೊಡ್ತೀನಿ, ಶಿಪ್ಪಿಂಗ್ ನಿಮ್ಮದು.

ಕ್ಯಾರಿ ಸಾಫ್ಟ್‌ಬಾಲ್ ಅಮ್ಮ:
ಬೇಸ್‌ಬಾಲ್ ಮಿಟ್ಟಾ! ಸಾಫ್ಟ್‌ಬಾಲ್ ದಪ್ಪ ಇರುತ್ತೆ, ಆ ಪಾಕೆಟ್‌ನಲ್ಲಿ ಕೂರಲ್ಲ. ಬಳಸಿದ ಮಿಟ್‌ಗೆ 200 ಕೇಳ್ತೀರಲ್ಲ, ನೀವೂ ಆ ಎಲೀಟ್ ಟೀಮಿನವರೇ.

ಹುಬ್ಬಳ್ಳಿ ಟು ಹೂಸ್ಟನ್:
120 ಕೊಡತೀನಿ. ಸಣ್ಣವಂಗ ಬೇಕು.

ಫ್ರೀಮಾಂಟ್‌ನವ:
ನಿಮಗೆ ಕೊಡಲ್ಲ.