ಸಹಾಯ ಬೇಕು: ಹಿರಿಯರ ದನಿಗಳ ಪ್ರದರ್ಶನ, ಶಬ್ದದ ಬೆರಕೆ ಮತ್ತು ಒಪ್ಪಿಗೆ ಪತ್ರ

ನೆಲ ಕಳೆದುಕೊಂಡ ಸಮುದಾಯವೊಂದರ ಹಿರಿಯರ ಮಾತು, ಹಾಡು, ಹಳೆಯ ಫೋಟೊಗಳ ಪ್ರದರ್ಶನ ಇನ್ನು ಮೂರು ವಾರಕ್ಕೆ. ಎರಡು ಕಡೆ ಸಿಕ್ಕಿಕೊಂಡಿದ್ದೇವೆ.

ಮೊದಲನೆಯದು ಶಬ್ದ. 12 x 8 ಮೀಟರ್ ಕೋಣೆ, ಬರಿಯ ಸಿಮೆಂಟ್ ಗೋಡೆ, ಆರು ಕಡೆ ತಲಾ 4 ನಿಮಿಷದ ತುಣುಕು. ಸ್ಪೀಕರ್ ಇಟ್ಟರೆ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಬೆರೆಯುತ್ತದೆ. ಗೋಡೆ ಶಬ್ದವನ್ನು ಹಿಂದಕ್ಕೆ ಎಸೆಯುವುದರಿಂದ ವಾಲ್ಯೂಮ್ ಇಳಿಸಿದರೂ ಪದಗಳು ಮಸುಕು. ಗೋಡೆಯಿಂದ 10 ಸೆಂ.ಮೀ. ಬಿಟ್ಟು ದಪ್ಪ ಕಂಬಳಿಗಳನ್ನು ನೆರಿಗೆ ಬರುವಂತೆ ತೂಗುಹಾಕಿದಾಗ ಪ್ರತಿಧ್ವನಿ ತಗ್ಗಿತು, ಬೆರಕೆ ಹೋಗಲಿಲ್ಲ. ಹೆಡ್‌ಫೋನ್ ಕೊಟ್ಟರೆ ಅದೂ ಹೋಗುತ್ತದೆ, ಆದರೆ ಅಜ್ಜಿ, ಮೊಮ್ಮಗಳು ಒಟ್ಟಿಗೆ ನಿಂತು ಕೇಳುವುದು ತಪ್ಪುತ್ತದೆ. ಪ್ರದರ್ಶನದ ಜೀವವೇ ಅದು. ಒಂದು ಪ್ಲೇಯರ್‌ಗೆ ನಾಲ್ಕು ಹೆಡ್‌ಫೋನ್ ಜೋಡಿಸುವ ಆಂಪ್ಲಿಫೈಯರ್ ಅಥವಾ ತಲೆಯ ಮೇಲೆ ತೂಗುವ ಗುಮ್ಮಟದಂಥ ಸ್ಪೀಕರ್ ಬಳಸಿದವರು ದಯವಿಟ್ಟು ಹೇಳಿ: ಎಷ್ಟು ಎತ್ತರ, ಎರಡರ ನಡುವೆ ಎಷ್ಟು ಅಂತರ?

ಎರಡನೆಯದು ಇನ್ನೂ ಸೂಕ್ಷ್ಮ. ರೆಕಾರ್ಡ್ ಮಾಡುವಾಗ ಪಡೆದ ಸಹಿ ಧ್ವನಿಮುದ್ರಣಕ್ಕಷ್ಟೇ, ಪ್ರದರ್ಶನಕ್ಕಲ್ಲ. ಹಾಗಾಗಿ ಕತ್ತರಿಸಿದ ತುಣುಕನ್ನು ಆ ಹಿರಿಯರಿಗೇ ಕೇಳಿಸಿ, ಸಂಗ್ರಹ, ಪ್ರದರ್ಶನ, ಅಂತರ್ಜಾಲ, ಹೆಸರು ಎಂದು ನಾಲ್ಕಕ್ಕೂ ಬೇರೆ ಬೇರೆ ಒಪ್ಪಿಗೆ ಕೇಳುತ್ತಿದ್ದೇವೆ. ಓದು ಬಾರದವರಿಗೆ ಪತ್ರವನ್ನು ಓದಿ ಹೇಳಿ, ಒಪ್ಪಿಗೆಯನ್ನೂ ರೆಕಾರ್ಡ್ ಮಾಡುತ್ತೇವೆ. ಆದರೆ ಎರಡು ತುಣುಕುಗಳಲ್ಲಿ ಭೂಮಿ ಕಿತ್ತುಕೊಂಡವರ ಹೆಸರುಗಳಿವೆ. ಬೀಪ್ ಹಾಕಿದರೆ ಗಮನವೆಲ್ಲ ಅಲ್ಲಿಗೇ ಹೋಗುತ್ತದೆ, ಕತ್ತರಿಸಿದರೆ ವಾಕ್ಯ ಮುರಿದು ಆರೋಪವೇ ಮಾಯ. ಇಂಥದ್ದನ್ನು ನಿಭಾಯಿಸಿದವರು, ಜೊತೆಗೆ ಕಾನೂನು ಬಲ್ಲವರು, ಈ ವಾರದೊಳಗೆ ಉತ್ತರಿಸಿದರೆ ತುಣುಕುಗಳನ್ನು ಮತ್ತೊಮ್ಮೆ ಹಿರಿಯರಿಗೆ ಕೇಳಿಸಲು ಸಮಯ ಸಿಗುತ್ತದೆ.