ಎಂಆರ್‌ಐ 1.5 ಟೆಸ್ಲಾ, 3 ಟೆಸ್ಲಾ ಅಂದ್ರ ಏನ್ರಿ ಫರಕ್?

ಬಾಗಲಕೋಟಿ ಮಂದಿ: ನಮ್ಮವ್ವಗ ಮೊನ್ನೆ ಊರಾಗ ತಲಿ ಎಂಆರ್‌ಐ ಮಾಡಿಸಿದ್ವಿ, 1.5 ಟೆಸ್ಲಾ ಮಷೀನು. ಆ ಟಕಟಕ ಸಪ್ಪಳಕ್ಕ "ನನ್ನ ಹಿಟ್ಟಿನ ಗಿರಣ್ಯಾಗ ಮಲಗಿಸಿದ್ರೇನೋ" ಅಂತ ಬೈದ್ಲು. ಈಗ ಡಾಕ್ಟ್ರು ಬೆಳಗಾವಿಗೆ ಹೋಗಿ 3 ಟೆಸ್ಲಾದಾಗ ಇನ್ನೊಮ್ಮೆ ಮಾಡಿಸ್ರಿ ಅಂತಾರ, ಖರೇನ ಬೇಕೇನ್ರಿ? ನೆಟ್ಟಿನ್ಯಾಗ ನೋಡಿದ್ರ 11.7 ಟೆಸ್ಲಾ ಅಂತನೂ ಐತಿ!

ವಿಜಾಪುರ ಟೆಕ್ನಿಶಿಯನ್: ಟೆಸ್ಲಾ ಅಂದ್ರ ಮ್ಯಾಗ್ನೆಟ್ಟಿನ ತಾಕತ್ತು ರೀ. ಮೈಯಾಗಿನ ನೀರಿನ ಹೈಡ್ರೋಜನ್ ಕೊಡೋ ಸಿಗ್ನಲ್ ಹಿಡದು ಚಿತ್ರ ಮಾಡ್ತಾರ, ಮ್ಯಾಗ್ನೆಟ್ ಜೋರಿದ್ದಷ್ಟು ಸಿಗ್ನಲ್ ಜೋರು, ಹಂಗಾಗಿ ಇನ್ನೂ ಬಾರೀಕ ನೋಡಾಕ ಬರತೈತಿ. ಫಿಟ್ಸ್ ಬರೋರಿಗೆ ಸಣ್ಣ ಕಲೆ ಹುಡುಕೂದಿದ್ರ 3 ಟೆಸ್ಲಾ ಉಪಯೋಗ, ಸ್ಟ್ರೋಕಿಗೆಲ್ಲಾ 1.5 ಬಹಳ ಸಲ ಸಾಕಾಗತೈತಿ. ಏನ್ ಹುಡುಕಾಕತ್ತೀರಿ ಅಂತ ಡಾಕ್ಟ್ರನ್ನ ನೆಟ್ಟಗ ಕೇಳ್ರಿ.

ಫಿಸಿಕ್ಸ್ ಹುಚ್ಚ, ಬೆಳಗಾವಿ: 11.7 ಇರೋದು ಫ್ರಾನ್ಸಿನ ಸಾಕ್ಲೇದಾಗ, ಇಸ್ಯೂಲ್ಟ್ ಅಂತ ಹೆಸರು. ಮ್ಯಾಗ್ನೆಟ್ಟ ಒಂದ 132 ಟನ್, ಕಬ್ಬಿನ ಟ್ರಾಲಿ ಎಷ್ಟ್ ಹಚ್ಚಬೇಕೋ ಲೆಕ್ಕಾ ಹಾಕ್ರಿ, ಒಳಗ 182 ಕಿಮೀ ಸೂಪರ್‌ಕಂಡಕ್ಟಿಂಗ್ ತಂತಿ (ಭಾಳ ತಣ್ಣಗಿದ್ರ ಕರೆಂಟಿಗೆ ಅಡ್ಡಿನ ಮಾಡಂಗಿಲ್ಲ), ತಣ್ಣಗಿಡಾಕ ಲಿಕ್ವಿಡ್ ಹೀಲಿಯಂ. 2024ರಾಗ ಮನುಷ್ಯರ ಮೆದುಳಿನ ಮೊದಲ ಚಿತ್ರ ಬಿಟ್ರು, 4 ನಿಮಿಷದಾಗ 0.2 ಮಿಮೀ ತನಕ ಕಾಣಸ್ತಾವ, ಸ್ಲೈಸ್ ಅಂದ್ರ ಒಂದೊಂದು ಪದರಿನ ದಪ್ಪ 1 ಮಿಮೀ. ಅದು ಬರೇ ರಿಸರ್ಚಿಗೆ. ಪೇಶಂಟ್ ನೋಡಾಕ ಅಮೆರಿಕದ ಎಫ್‌ಡಿಎ (ಔಷಧ, ಮಷೀನು ತಪಾಸ್ ಮಾಡೋ ಸರಕಾರಿ ಸಂಸ್ಥೆ) 7 ಟೆಸ್ಲಾಕ್ಕ 2017ರಾಗ ಒಪ್ಪಿಗಿ ಕೊಟ್ಟೈತಿ.

ವಿಜಾಪುರ ಟೆಕ್ನಿಶಿಯನ್: ಮತ್ತ, ಅವ್ವಾರ ತಾಳಿ, ಕಿವ್ಯಾಗಿನ ಬೆಂಡೋಲಿ ಮನ್ಯಾಗ ತಗಸ್ರಿ. ಪೇಸ್‌ಮೇಕರ್, ಆಪರೇಶನ್ನಿನ್ಯಾಗ ಒಳಗ ಹಾಕಿದ ಕ್ಲಿಪ್ ಏನರ ಇದ್ರ ಮೊದಲ ಹೇಳ್ರಿ. ಅಳ್ಳಾಡಿದ್ರ ಯಾವ ಟೆಸ್ಲಾ ಇದ್ರೂ ಚಿತ್ರ ಮಸಕ.

ಬಾಗಲಕೋಟಿ ಮಂದಿ: ಅವ್ವಗ ಫಿಟ್ಸೇ ರೀ. ಸೋಮವಾರ ಹೊಂಟ್ವಿ, ಕಿವಿಗೆ ಅರಳಿ ಇಡಾಕ ಹೇಳ್ತೀನಿ.